ಹೂಗಾರ ಓಣಿಯ ಕೊನೆಯ ನಳ

ಕೊಳವೆಗೆ ಜೀವ ಬಂದರೆ ಏನಾದೀತು? ಕರಿಕಟ್ಟಿಯಲ್ಲಿ ಹಿಂದೊಮ್ಮೆ ಯಾರಾದರೂ ಹೀಗೆ ಕೇಳಿದ್ದರೆ, ಜನ ಅವರ ತಲೆ ನೆಟ್ಟಗಿಲ್ಲ ಎನ್ನುತ್ತಿದ್ದರು. ಆಗ ಕರಿಕಟ್ಟಿ ಸುತ್ತಲಿನ ಹಳ್ಳಿಗಳನ್ನು ಒಂದೊಂದಾಗಿ ನುಂಗಿ ಮಹಾನಗರವಾಗಿತ್ತು. ನುಂಗಿದ ಮೇಲೆ ಕುಡಿಯಲು ಮಾತ್ರ ನೀರಿರಲಿಲ್ಲ. ದೂರದ ಹೊಳೆಯಿಂದ ಗುಡ್ಡ ಹತ್ತಿಸಿ ತಂದ ನೀರಿನಲ್ಲಿ ಅರ್ಧಕ್ಕರ್ಧ ನೆಲದೊಳಗೇ ಸೋರಿಹೋಗುತ್ತಿತ್ತು. ಸೋರುವ ಜಾಗ ಹುಡುಕಿ ಅಗೆಯೋಣವೆಂದರೆ ಕೊಳವೆಯ ಮೇಲೆ ರಸ್ತೆ, ರಸ್ತೆಯ ಮೇಲೆ ಸೇತುವೆ, ಸೇತುವೆಯ ಮೇಲೆ ರೈಲು. ಉಳಿದರ್ಧ ನೀರಿಗಾಗಿ ಊರು ಹತ್ತು ದಿನಕ್ಕೊಮ್ಮೆ ಕೊಡ ಹಿಡಿದು ಬಡಿದಾಡುತ್ತಿತ್ತು.

ಆಮೇಲೆ ಜೀವಲೇಪ ಬಂತು. ಕಣ್ಣಿಗೆ ಕಾಣದ ಒಂದು ಜಾತಿಯ ಸೂಕ್ಷ್ಮಜೀವಿಗಳನ್ನು, ಕುಡಿಯುವವರಿಗೆ ಅಪಾಯವಾಗದಂತೆ ಬೆಳೆಸಿ, ಜಲಮಂಡಳಿಯವರು ಕೊಳವೆಗಳಿಗೆ ಬಿಟ್ಟರು. ಆ ಜೀವಿಗಳ ಸ್ವಭಾವ ಬಹಳ ಸರಳ. ನೀರು ರಭಸವಾಗಿ ಓಡುವಲ್ಲಿ ಅವು ನಿಲ್ಲಲಾರವು, ಕೊಚ್ಚಿಹೋಗುತ್ತವೆ. ನೀರು ಮೆಲ್ಲಗೆ ಜಿನುಗುವಲ್ಲಿ ತಳವೂರಿ ಕೂತು, ನೀರಿನಲ್ಲಿರುವ ಸುಣ್ಣ ಉಂಡು, ಚಿಪ್ಪಿನ ಮೇಲೆ ಚಿಪ್ಪು ಕಟ್ಟುತ್ತವೆ. ಬಿರುಕಿನಲ್ಲಿ ನೀರು ಮೆಲ್ಲಗೇ ಜಿನುಗುತ್ತದಲ್ಲ, ಹಾಗಾಗಿ ನೆಲದಡಿಯ ಬಿರುಕುಗಳೆಲ್ಲ ತಾವಾಗಿ ಮುಚ್ಚಿಕೊಂಡವು. ಗೋಡೆಗೆ ಗಿಲಾವು ಮೆತ್ತಿದಂತೆ ಒಳಗಿನಿಂದ ಮೆತ್ತುತ್ತದೆಂದು ಜನ ಅದಕ್ಕೆ 'ಗಿಲಾವು' ಎಂದೇ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ದಿನಾ ನೀರು ಬರತೊಡಗಿತು. ಹೊಸ ಬಡಾವಣೆಗಳಲ್ಲಿ ಕಾರು ತೊಳೆದರು, ಹುಲ್ಲುಹಾಸಿಗೆ ಕಾರಂಜಿ ಹಚ್ಚಿದರು. ಜಲಮಂಡಳಿಯ ಎಂಜಿನಿಯರುಗಳಿಗೆ ದಿಲ್ಲಿಯಲ್ಲಿ ಶಾಲು ಹೊದಿಸಿದರು.

ಶಾಲು ಹೊದ್ದವರಲ್ಲಿ ಇಂದುಮತಿ ಹೂಗಾರ ಒಬ್ಬಳು. ಎಷ್ಟು ವೇಗಕ್ಕಿಂತ ಕಡಿಮೆ ಹರಿವನ್ನು ಸೋರಿಕೆ ಎಂದು ತಿಳಿಯಬೇಕು ಎಂಬ ಗೆರೆಯನ್ನು ಎಳೆದವಳು ಅವಳೇ. ಆ ಗೆರೆಗೆ ಸರಿಹೊಂದುವ ಜೀವಿಗಳನ್ನೇ ಆರಿಸಿ ಬೆಳೆಸಿದ್ದರು. ಇಂದುಮತಿಗೆ ನಲವತ್ತು ದಾಟಿತ್ತು, ಮದುವೆಯ ಗೊಡವೆಗೆ ಹೋದವಳಲ್ಲ. ಹಳೇ ಪೇಟೆಯ ಬೆನ್ನಿಗಿರುವ ಹೂಗಾರ ಓಣಿಯ ಕೊನೆಯ ಮನೆಯಲ್ಲಿ ದೊಡ್ಡವ್ವ ಬಾಳವ್ವನ ಜೊತೆ ಇದ್ದಳು. ಬಾಳವ್ವ ಅವಳ ತಾಯಿಯ ಅಕ್ಕ. ಹಿಂದೆ, ನೀರಿಲ್ಲದ ದಿನಗಳಲ್ಲಿ, ಕೆರೆಯಿಂದ ಜೋಡುಕೊಡ ಹೊತ್ತು ತರುವಾಗ ಏರಿಯ ಮೇಲೆ ಜಾರಿ ಬಿದ್ದು ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡವಳು. ಮುಂದೆ ಬಸಿರು ನಿಲ್ಲಲಿಲ್ಲ. ತಂಗಿಯ ಮಡಿಲಿನಿಂದ ಇಂದುಮತಿಯನ್ನು ಕೇಳಿ ತಂದು, ಮಾಲೆ ಕಟ್ಟಿ ಮಾರಿ, ಎಂಜಿನಿಯರಿಂಗ್ ಓದಿಸಿದವಳು.

ನೀರಿನ ವಿಷಯದಲ್ಲಿ ಬಾಳವ್ವನಷ್ಟು ಜಿಪುಣಿ ಇಡೀ ಊರಿನಲ್ಲಿ ಇದ್ದಿರಲಾರಳು. ಅಕ್ಕಿ ತೊಳೆದ ನೀರು ತುಳಸಿಗೆ, ಮುಖ ತೊಳೆದ ನೀರು ಅಂಗಳಕ್ಕೆ, ಹೂವಿನ ಮೇಲೆ ಹೊದಿಸುವ ಬಟ್ಟೆ ಹಿಂಡಿದ ನೀರು ಮತ್ತೆ ಹೂವಿಗೆ. ನಳ ಬಿಟ್ಟರೆ ನೂಲಿನ ಎಳೆಯಷ್ಟು ಸಣ್ಣಗೆ ಬಿಡುತ್ತಿದ್ದಳು. ಓಣಿಯ ಉಳಿದವರೂ ಹೆಚ್ಚು ಕಡಿಮೆ ಹಾಗೆಯೇ. ದಿನಾ ನೀರು ಬಂದರೂ ಅವರ ಕೈಯನ್ನು ಹತ್ತು ದಿನದ ಭಯ ಬಿಟ್ಟಿರಲಿಲ್ಲ.

ಒಂದು ದಿನ ನಿಯಂತ್ರಣ ಕೊಠಡಿಯ ಗೋಡೆಯಗಲದ ನಕ್ಷೆಯಲ್ಲಿ ಹೂಗಾರ ಓಣಿಯ ನೀಲಿ ಗೆರೆ ಹಳದಿಗೆ ತಿರುಗಿತು. ನೀರಿನ ಓಟ ಇಳಿಯುತ್ತಿದೆ ಎಂದು ಅದರ ಅರ್ಥ. ಸಹಾಯಕ ಎಂಜಿನಿಯರ್ ಇರ್ಫಾನ ನದಾಫ, ಆ ಓಣಿಯಲ್ಲಿ ಈಚೆಗಷ್ಟೇ ಬಿಟ್ಟುಹೋದ ಮನೆಯೊಂದರ ಕೊಳವೆಯ ತುಂಡು ಕೊಯ್ದು ಪ್ರಯೋಗಾಲಯಕ್ಕೆ ತಂದ. ಮಸೂರದ ಕೆಳಗೆ ಇಟ್ಟು ನೋಡಿದರೆ ಒಳಗೆ ಸುಣ್ಣದ ಬಳೆಯೊಳಗೆ ಬಳೆ, ನಡುವೆ ಕಿರುಬೆರಳು ಹಿಡಿಸದಷ್ಟು ತೂತು.

"ಸೋರಿಕಿ ಎಲ್ಲೂ ಇಲ್ಲ ಮೇಡಂ," ಎಂದ ಇರ್ಫಾನ. "ಬಿರುಕು ಇಲ್ಲ, ಏನಿಲ್ಲ. ಆದ್ರೂ ಗಿಲಾವು ಕಟ್ಟೇತಿ. ಯಾಕ ಅಂತ ತಿಳೀವಲ್ದು."

ಇಂದುಮತಿಗೆ ತಿಳಿಯಿತು. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದರು. ಆದರೆ ಅಲ್ಲಿ ನಳ ಬಿಡುವವರು ಪೂರಾ ಬಿಡುತ್ತಿದ್ದರು, ನಿಲ್ಲಿಸುವವರು ಪೂರಾ ನಿಲ್ಲಿಸುತ್ತಿದ್ದರು. ನೀರಿಗೆ ಹೆದರುವ ಕೈ ಹೇಗೆ ನಳ ಬಿಡುತ್ತದೆಂದು ಯಾರೂ ಯೋಚಿಸಿರಲಿಲ್ಲ. ಸೋರಿಕೆಯ ಜಿನುಗೂ ಜೋಪಾನದ ಜಿನುಗೂ ಆ ಜೀವಿಗಳಿಗೆ ಒಂದೇ. ಅಂಥ ಕೈಯಿಂದಲೇ ಉಂಡು ಬೆಳೆದ ಇಂದುಮತಿ, ಗೆರೆ ಎಳೆಯುವ ಹೊತ್ತಿಗೆ, ಅದನ್ನು ಮರೆತಿದ್ದಳು.

ಅಧೀಕ್ಷಕ ಎಂಜಿನಿಯರ್ ಇನಾಮದಾರರು ಕೆಟ್ಟ ಮನುಷ್ಯರಲ್ಲ. ಆದರೆ ಅವರ ಮೇಲೂ ಒಬ್ಬರಿದ್ದರು.

"ಇಂದುಮತಿಯವರ, ಆಮ್ಲ ಹಾಕಿ ತೊಳದ್ರ ಸುತ್ತಲಿನ ಓಣಿಗೋಳ ಬಿರುಕು ಎಲ್ಲಾ ಬಾಯಿ ತೆರೀತಾವ. ಅಗೀಬೇಕಂದ್ರ ಆ ಮಣ್ಣಿನ ಗ್ವಾಡಿ ನಿಲ್ಲೂದಿಲ್ಲ. ದೀಪಾವಳಿ ತನಕ ಓಟ ಏರಲಿಲ್ಲಂದ್ರ ಲೈನು ಕಡದು, ಮಂದೀನ ರಿಂಗ್ ರೋಡಿನಾಚೆ ವಸತಿಗೆ ಕಳಸ್ರಿ ಅಂತ ಬಂದೈತಿ."

"ಅವರು ಹೂವಿನವ್ರು ಸರ್. ಮುಂಜಾನೆ ಪ್ಯಾಟಿ ಹತ್ರ ಇರದಿದ್ರ ಏನ್ ಮಾರತಾರ?"

"ಗೊತ್ತೈತಿ. ಅದಕ್ಕ ನಿಮಗ ಮೊದಲ ಹೇಳಾಕತ್ತೀನಿ."

ದಾರಿ ಒಂದೇ ಇತ್ತು. ಆ ಹಳೇ ಓಣಿಯ ಕೊಳವೆಗೆ ತೊಳೆಯುವ ವಾಲ್ವು ಇಟ್ಟವರಿರಲಿಲ್ಲ. ಓಣಿಯ ತಟ್ಟತುದಿಯ ನಳವನ್ನು ಪೂರಾ ಬಿಟ್ಟರೆ ಮಾತ್ರ ನೀರು ಕೊಳವೆಯ ಉದ್ದಕ್ಕೂ ರಭಸದಿಂದ ಓಡಿ ಗಿಲಾವನ್ನು ಸವೆಸುತ್ತಿತ್ತು. ಮುಂಜಾನೆ ಒತ್ತಡ ಜಾಸ್ತಿ ಇರುವ ಒಂದು ತಾಸು, ನಡುವೆ ನಿಲ್ಲಿಸದೆ, ದಿನಾ ಬಿಡಬೇಕು. ನಿಂತರೆ ಸಡಿಲಾದ ಜೀವಿಗಳು ಮತ್ತೆ ಹಿಡಿದು ಕೂರುತ್ತಿದ್ದವು. ಆ ತುದಿಯ ನಳ ಬಾಳವ್ವನದು.

ಸಂಜೆ ಇಂದುಮತಿ ಮನೆಗೆ ಬಂದಾಗ ಬಾಳವ್ವ ಕಟ್ಟೆಯ ಮೇಲೆ ಸೇವಂತಿಗೆ ಕಟ್ಟುತ್ತಿದ್ದಳು.

"ದೊಡ್ಡವ್ವಾ, ನಾಳಿಂದ ಮುಂಜಾನೆ ಏಳರಿಂದ ಎಂಟರ ತನಕ ನಳ ಪೂರಾ ಬಿಡಬೇಕು."

"ಯಾಕ? ಕೊಡ ಎಲ್ಲಾ ತುಂಬ್ಯಾವಲ್ಲ."

"ತುಂಬಸಾಕಲ್ಲ. ಗಟಾರಕ್ಕ ಹೋಗ್ಲಿ."

ಬಾಳವ್ವನ ಬೆರಳು ದಾರದ ಮೇಲೆ ನಿಂತವು. "ಏನಂದಿ?"

ಇಂದುಮತಿ ತಿಳಿಸಿ ಹೇಳಿದಳು. ಗಿಲಾವು ಹೇಗೆ ಕಟ್ಟುತ್ತದೆ, ಯಾಕೆ ಕಟ್ಟುತ್ತದೆ, ದೀಪಾವಳಿಯ ನಂತರ ಓಣಿಗೆ ಏನಾಗುತ್ತದೆ, ಎಲ್ಲ. ಬಾಳವ್ವ ಪೂರ್ತಿ ಕೇಳಿದಳು. ದಡ್ಡಿಯಲ್ಲ, ಒಂದು ಸಲಕ್ಕೇ ಅರ್ಥವಾಯಿತು.

"ಅಂದ್ರ ಹಾಳು ಮಾಡವ್ರಿಗೆ ನೀರು, ಉಳಸವ್ರಿಗೆ ಗಿಲಾವು. ಚಲೋ ನ್ಯಾಯ ತಂದೀಯಬೇ ಊರಿಗೆ. ಇದಕ್ಕ ಏನ ನಿನ್ನ ಓದಿಸಿದ್ದು?"

ಇಂದುಮತಿ ತಲೆ ತಗ್ಗಿಸಿದಳು. "ನಿನ್ನ ಕೈಲೆ ಆಗದಿದ್ರ ಫಕ್ಕೀರವ್ವಗ ಹೇಳತೇನಿ. ಆಕಿ ಬಂದು ಬಿಡತಾಳ," ಎಂದಳು. ಫಕ್ಕೀರವ್ವ ಪಕ್ಕದ ಮನೆಯವಳು.

"ಬ್ಯಾಡ. ನನ್ನ ನಳ, ನನ್ನ ಪಾಪ. ಇನ್ನೊಬ್ಬರ ಕೈಯಾಗ ಯಾಕ ಮಾಡಸ್ಲಿ? ನಾನ ಬಿಡತೇನಿ."

ಇಂದುಮತಿಯ ಪಾಳಿ ಬೆಳಗಿನದು. ಮರುದಿನ ಏಳು ಹೊಡೆಯುವಾಗ ಅವಳು ನಿಯಂತ್ರಣ ಕೊಠಡಿಯಲ್ಲಿ ತಮ್ಮ ಮನೆಯ ಮೀಟರಿನ ಗೆರೆಯ ಮುಂದೆ ಕೂತಿದ್ದಳು. ಗೆರೆ ಜಿಗಿದು ಮೇಲೆದ್ದಿತು. ಮರುಗಳಿಗೆಗೇ ಬಿತ್ತು. ಮತ್ತೆ ಎದ್ದಿತು, ಮತ್ತೆ ಬಿತ್ತು. ಒಂದು ತಾಸು ಕಳೆದ ಮೇಲೆ ನೋಡಿದರೆ ಪರದೆಯ ಮೇಲೆ ಗರಗಸದ ಹಲ್ಲು.

"ಮೀಟರ್ ಕೆಟ್ಟೈತಿ ಮೇಡಂ," ಎಂದ ಇರ್ಫಾನ.

ಹೊಸ ಮೀಟರು ಕೂಡಿಸಿದರು. ಹಲ್ಲು ಹಾಗೆಯೇ ಇದ್ದವು. ಗಿಲಾವು ಒಂದಿಷ್ಟೂ ಸವೆಯಲಿಲ್ಲ. ನಕ್ಷೆಯ ಹಳದಿ ಕೇಸರಿಗೆ ತಿರುಗಿತು. ಓಣಿಯ ನಡುವಿನ ಎರಡು ಮನೆಗಳಿಗೆ ಹೋಗುವ ಕವಲಿನ ಬಾಯಿ ಮುಚ್ಚಿ ನೀರು ಪೂರಾ ನಿಂತು, ಆ ಮನೆಯ ಹೆಂಗಸರು ಫಕ್ಕೀರವ್ವನ ಬಾಗಿಲಿಗೆ ಕೊಡ ಹಿಡಿದು ಬರತೊಡಗಿದರು. ಮನೆಯಲ್ಲಿ ಕೇಳಿದರೆ ಬಾಳವ್ವ, "ಬಿಟ್ಟೇನವಾ, ಪೂರಾ ತಿರುವೇನಿ," ಎನ್ನುತ್ತಿದ್ದಳು. ಸುಳ್ಳೇನಲ್ಲ. ಸಂಜೆ ನೋಡಿದರೆ ಕೊಡಗಳೆಲ್ಲ ಖಾಲಿ, ಅಂಗಳ ಒಣ.

ರವಿವಾರ ಇಂದುಮತಿಗೆ ರಜೆ. ತಾನೇ ನಳ ಬಿಟ್ಟು ಎದುರು ನಿಂತಳು. ಬಾಳವ್ವ, "ನಾ ಗುಡಿಗೆ ಹೋಗಿ ಬರತೇನಿ," ಎಂದು ಆ ಒಂದು ತಾಸು ಮನೆ ಬಿಟ್ಟು ಹೋದಳು. ಸೋಮವಾರ ಕೊಠಡಿಯಲ್ಲಿ ನೋಡಿದರೆ ರವಿವಾರದ ಗೆರೆ ನೆಟ್ಟಗೆ ಬಿಗಿದ ಹಗ್ಗದ ಹಾಗೆ ಇತ್ತು. ಪಕ್ಕದಲ್ಲೇ ಆ ದಿನದ ಗೆರೆ ಹಲ್ಲು ಕಟ್ಟುತ್ತಿತ್ತು. ಇಂದುಮತಿ ಎರಡನ್ನೂ ನೋಡುತ್ತ ಕೂತಳು. ಪ್ರತಿ ಹಲ್ಲಿನ ಅಗಲ ಒಂದೇ ಸಮ. ಒಂದು ಕೊಡ ತುಂಬುವಷ್ಟು. ನಡುವಿನ ಸಂದು, ತುಂಬಿದ್ದನ್ನು ಸರಿಸಿ ಖಾಲಿ ಕೊಡ ಇಡುವಷ್ಟು. ಮೊದಲು ಅವಳಿಗೆ ನಗು ಬಂತು, ಆಮೇಲೆ ಸಿಟ್ಟು. ಬ್ಯಾಗು ಹೆಗಲಿಗೇರಿಸಿ ಹೊರಟಳು.

ಅವಳು ಓಣಿ ಮುಟ್ಟಿದಾಗ ಬಾಳವ್ವ ಹಿತ್ತಲ ಬಾಗಿಲಿನಿಂದ ಸೊಂಟದ ಮೇಲೊಂದು ಕೊಡ ಇಟ್ಟುಕೊಂಡು ಏರು ಹತ್ತುತ್ತಿದ್ದಳು. ಎಪ್ಪತ್ತರ ಮೇಲಾದ ಹೆಂಗಸು. ಏರಿನ ಮೇಲೆ ಹೊಸ ಗಗನಚುಂಬಿ ಕಟ್ಟಡ ಏಳುತ್ತಿತ್ತು, ಅದರ ಬುಡದಲ್ಲಿ ಕಟ್ಟುವ ಕೂಲಿಗಳ ತಗಡಿನ ಶೆಡ್ಡುಗಳಿದ್ದವು. ಅಲ್ಲಿಗೆ ಇನ್ನೂ ಕೊಳವೆ ಬಂದಿರಲಿಲ್ಲ. ಶೆಡ್ಡಿನ ಮುಂದೆ ಹೆಂಗಸರು ಪಾತ್ರೆ ಹಿಡಿದು ನಿಂತಿದ್ದರು. ಬಾಳವ್ವ ಕೊಡ ಬಗ್ಗಿಸಿ ಒಬ್ಬಳ ಬಕೆಟ್ಟಿಗೆ ಹನಿ ಚೆಲ್ಲದಂತೆ ಸುರಿದಳು. ತಿರುಗಿದವಳು ಇಂದುಮತಿಯನ್ನು ಕಂಡು ಕಳ್ಳತನದಲ್ಲಿ ಸಿಕ್ಕ ಮಗುವಿನ ಹಾಗೆ ನಿಂತಳು.

ಇಬ್ಬರೂ ಏರು ಇಳಿದು ಮನೆಗೆ ಬಂದರು. ಬಂದ ಮೇಲೆ ಇಂದುಮತಿಗೆ ತಡೆಯಲಾಗಲಿಲ್ಲ.

"ಇಡೀ ಓಣಿ ಒಣಗಾಕತ್ತೈತಿ ದೊಡ್ಡವ್ವಾ! ನಡುವ ನಿಲ್ಲಸಬ್ಯಾಡ ಅಂತ ಎಷ್ಟ್ ಸಲ ಹೇಳೇನಿ?"

"ಅವ್ರ ಕೂಸುಗೋಳು ಟ್ಯಾಂಕರಿನ ರಾಡಿ ನೀರು ಕುಡೀತಾವ. ನಾ ಇಲ್ಲೆ ಗಟಾರಕ್ಕ ಬಿಡ್ಲೇನು? ಬಂಗಾರದಂಥ ನೀರು."

"ನಿನಗ ಪುಣ್ಯ ಬೇಕು. ಪುಣ್ಯಕ್ಕ ಓಣಿನ ಕೊಲ್ಲತೀ."

"ಇಂದೂ, ಹಂಗ ಅನಬ್ಯಾಡ."

ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಿಟ್ಟಿಗೆ ಕಣ್ಣಿಲ್ಲ. ಇಂದುಮತಿಯ ಬಾಯಿಂದ ಎಂದೂ ಬರಬಾರದ ಮಾತು ಬಂದಿತು. "ಕೊಡ ಹೊತ್ತ ಒಂದು ಕೂಸು ಕಳಕೊಂಡಿ. ಇನ್ನೂ ಹೊರೂದು ಬಿಡವಲ್ಲಿ. ಇನ್ನ ಯಾರನ್ನ ಕಳಕೋಬೇಕು ನೀ?"

ಬಾಳವ್ವ ಖಾಲಿ ಕೊಡ ಕೆಳಗಿಟ್ಟಳು. ಒಳಗೆ ಹೋಗಿ ಮೂಲೆಯಲ್ಲಿ ಕೂತಳು. ಆ ದಿನದ ಹೂವು ಕಟ್ಟದೆ ಹಾಗೆಯೇ ಬಾಡಿದವು. ಇಂದುಮತಿ ಕ್ಷಮೆ ಕೇಳಬೇಕೆಂದು ನಾಲ್ಕು ಸಲ ಬಾಗಿಲ ತನಕ ಹೋಗಿ ನಾಲ್ಕು ಸಲವೂ ತಿರುಗಿ ಬಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅದೇ ದೊಡ್ಡವ್ವ ಅವಳಿಗೆ ಎಷ್ಟು ಸಲ ಹೇಳಿದ್ದಳೋ.

ಉಣ್ಣುವ ಹೊತ್ತಿಗೆ ಬಾಳವ್ವನೇ ಮಾತು ತೆಗೆದಳು. ರೊಟ್ಟಿ ಬಡಿಸುತ್ತ, ಅವಳ ಮುಖ ನೋಡದೆ, "ನಾಳೆ ಬಿಡತೇನವಾ. ನಿಲ್ಲಸೂದಿಲ್ಲ," ಎಂದಳು. "ಖರೇನ ಹೇಳತೇನಿ, ನೀರು ಸುಮ್ಮನ ಹೋಗೂದು ನೋಡಾಕ ನನ್ನ ಕೈಲೆ ಆಗೂದಿಲ್ಲ. ಕಣ್ಣ ಮುಚ್ಚಿ ಕುಂದರತೇನಿ. ತಾಸು ಮುಗದ ಮ್ಯಾಲೆ ತಗೀತೇನಿ."

"ಆತು ದೊಡ್ಡವ್ವಾ," ಎಂದಳು ಇಂದುಮತಿ. ಇನ್ನೇನೋ ಹೇಳಬೇಕಿತ್ತು. ನಾಳೆ ಸಂಜೆ ಹೇಳಿದರಾಯಿತು ಎಂದುಕೊಂಡಳು.

ಮರುದಿನ ಏಳಕ್ಕೆ ಗೆರೆ ಎದ್ದಿತು. ಏಳೂವರೆಯಾದರೂ ಬೀಳಲಿಲ್ಲ. ಇರ್ಫಾನ ತನ್ನ ಚಹಾ ಅಲ್ಲೇ ಬಿಟ್ಟು ಬಂದು ಅವಳ ಹಿಂದೆ ನಿಂತ. ಇನಾಮದಾರರೂ ಬಂದರು. ಕೇಸರಿಯಾಗಿದ್ದ ಓಣಿ ಕಣ್ಣೆದುರೇ ಮೆಲ್ಲಗೆ ಹಳದಿಯಾಯಿತು.

"ಬಿಚ್ಚಾಕತ್ತೈತಿ ನೋಡ್ರಿ," ಎಂದರು ಇನಾಮದಾರರು. "ಹಿಂಗ ನಡದ್ರ ದೀಪಾವಳಿಗೆ ನಿಮ್ಮ ಓಣ್ಯಾಗ ಪೂರಾ ನೀರು. ಏನ್ ಹೇಳಿ ಒಪ್ಪಿಸಿದ್ರಿ ಆ ಮುದುಕಿನ್ನ?"

ಇಂದುಮತಿಯ ಕಣ್ಣು ಪರದೆಯ ಮೇಲೇ ಇತ್ತು. ಆ ನೆಟ್ಟಗಿನ ಗೆರೆಯ ಇನ್ನೊಂದು ತುದಿಯಲ್ಲಿ ಮುಖ ಹಿಂಡಿ ಕಣ್ಣು ಮುಚ್ಚಿ ಕೂತ ದೊಡ್ಡವ್ವ ಅವಳಿಗೆ ಕಾಣುತ್ತಿದ್ದಳು. ಹಾಗೆ ಕಾಣುತ್ತಿರುವಾಗಲೇ ತಟ್ಟನೆ ಹೊಳೆಯಿತು. ಅಯ್ಯೋ, ಇಷ್ಟು ಸಣ್ಣ ಸಂಗತಿ! ಆ ಶೆಡ್ಡಿನ ಹೆಂಗಸರನ್ನೇ ಓಣಿಗೆ ಕರೆದರಾಯಿತು. ನಳದ ಮುಂದೆ ಸಾಲಾಗಿ ನಿಲ್ಲಲಿ. ಒಬ್ಬಳ ಕೊಡ ತುಂಬುತ್ತಲೇ ಇನ್ನೊಬ್ಬಳು ತನ್ನ ಕೊಡ ಒಡ್ಡಲಿ, ನಳ ನಿಲ್ಲಿಸುವ ಪ್ರಸಂಗವೇ ಇಲ್ಲ. ಗಿಲಾವೂ ಸವೆಯುತ್ತದೆ, ಹನಿ ನೀರೂ ಗಟಾರಕ್ಕೆ ಹೋಗುವುದಿಲ್ಲ, ದೊಡ್ಡವ್ವ ಕೊಡ ಹೊರುವುದೂ ಬೇಡ. ಕೊಳವೆಯ ಬಗ್ಗೆ ಇಷ್ಟೆಲ್ಲ ಯೋಚಿಸಿದ ತಲೆಗೆ, ಕೊಡ ಹಿಡಿದವರ ಬಗ್ಗೆ ಯೋಚಿಸಲು ಇಷ್ಟು ದಿನ ಬೇಕಾಯಿತು.

ಇದನ್ನು ಈಗಲೇ ದೊಡ್ಡವ್ವನಿಗೆ ಹೇಳಬೇಕೆನಿಸಿತು ಅವಳಿಗೆ. ಮನೆಗೆ ಫೋನು ಹಚ್ಚಿದಳು, ಯಾರೂ ಎತ್ತಲಿಲ್ಲ. ಪರದೆಯ ಮೂಲೆಯಲ್ಲಿ ಗಡಿಯಾರ ಎಂಟು ದಾಟಿತ್ತು. ಗೆರೆ ಬಿದ್ದಿರಲಿಲ್ಲ.

ಫಕ್ಕೀರವ್ವನಿಗೆ ಫೋನು ಹಚ್ಚಿದಳು.

"ಇಲ್ಲೇ ಕುಂತಾಳವಾ, ಕಟ್ಟಿ ಮ್ಯಾಲೆ," ಎಂದಳು ಫಕ್ಕೀರವ್ವ, ನಗುತ್ತ. "ಸೆರಗು ಹೊತ್ತು ಕಣ್ಣು ಮುಚ್ಚಿ, ಒಳ್ಳೆ ಜಪಕ್ಕ ಕುಂತಂಗ. ಯಾರೂ ಮಾತಾಡಸಬ್ಯಾಡ್ರಿ, ಕಣ್ಣು ತಗದ್ರ ನಳ ನಿಲ್ಲಸಿಬಿಡತೇನಿ ಅಂತ ಮೊದಲ ಹೇಳ್ಯಾಳ. ಓಣಿ ಮಂದಿ ಎಲ್ಲಾ ಬಂದು ನೋಡಿ, ಸಪ್ಪಳ ಮಾಡದಂಗ ಹೊಂಟಾರ."

"ಎಂಟು ಆಗಿ ಹೋತಲ್ಲ. ನಿಲ್ಲಸು ಅಂತ ಹೇಳು."

"ಇನ್ನೊಂದೀಟು ಇರಲಿ ಬಿಡವಾ. ನಮ್ಮ ನಳಕ್ಕ ಈಗರ ಒಂದೀಟು ಜೋರ ಬರಾಕತ್ತೈತಿ."

ಇಂದುಮತಿ ಪರದೆ ನೋಡಿದಳು. ಎಂಟೂ ಕಾಲು. ಗೆರೆ ಒಂದು ಕೂದಲೆಳೆಯಷ್ಟೂ ಅಲುಗದೆ ಹೋಗುತ್ತಿತ್ತು. ಸುತ್ತ ಎಲ್ಲರೂ ಸಂತೋಷದಲ್ಲಿದ್ದರು. ತಾಸಿಗೆ ಒಂದು ನಿಮಿಷ ಹೆಚ್ಚಾದರೂ ದೊಡ್ಡವ್ವ ನೀರು ಬಿಡುವವಳಲ್ಲ ಎಂದು ಆ ಕೊಠಡಿಯಲ್ಲಿ ಗೊತ್ತಿದ್ದವಳು ಇವಳೊಬ್ಬಳೇ. ಚಪ್ಪಲಿ ಮೆಟ್ಟಿದಳೋ ಇಲ್ಲವೋ, ಅವಳಿಗೆ ಆಮೇಲೆ ನೆನಪಿರಲಿಲ್ಲ.

ಓಣಿಯ ಗಟಾರದಲ್ಲಿ ತಿಳಿನೀರು ಹರಿಯುತ್ತಿತ್ತು. ಮಕ್ಕಳು ಅದರಲ್ಲಿ ಚೆಂಡುಹೂವಿನ ಎಸಳು ತೇಲಿಬಿಟ್ಟು ಹಿಂದೆ ಓಡುತ್ತಿದ್ದವು. ನೀರು ನಿಂತಿದ್ದ ಮನೆಯವಳೊಬ್ಬಳು ಬಾಗಿಲಲ್ಲಿ ನಿಂತು, "ಬಂತ್ರೀ ಅಕ್ಕಾರ, ನಮಗೂ ಬಂತು!" ಎಂದು ಕೂಗಿ ಹೇಳಿದಳು. ಇಂದುಮತಿ ಅವಳ ಕಡೆ ನೋಡದೆ ಮುಂದೆ ನಡೆದಳು.

ಮನೆಯ ಮುಂದೆ ಕೊಡಗಳನ್ನೆಲ್ಲ ಬೋರಲು ಹಾಕಿ ಗೋಡೆಗೆ ಸಾಲಾಗಿ ಇಟ್ಟಿತ್ತು, ಕೈ ತಪ್ಪಿಯೂ ಒಂದನ್ನು ಎತ್ತಿಕೊಳ್ಳಬಾರದೆಂದು. ನಳ ಭೋರ್ಗರೆಯುತ್ತಿತ್ತು. ಕಟ್ಟೆಯ ಮೇಲೆ ಬಾಳವ್ವ ಗೋಡೆಗೆ ಒರಗಿ ಕೂತಿದ್ದಳು. ಸೆರಗು ಹಣೆಯ ತನಕ ಬಂದಿತ್ತು, ಎರಡೂ ಕೈ ಮಡಿಲಲ್ಲಿದ್ದವು, ಕಣ್ಣು ಮುಚ್ಚಿದ್ದವು. ಇಂದುಮತಿ ಕೈ ಮುಟ್ಟಿದಳು. ಕೈ ತಣ್ಣಗಿತ್ತು.

ಹಿಂದೆ ಬಂದು ನಿಂತ ಫಕ್ಕೀರವ್ವ ಬಾಯಿ ಬಾಯಿ ಬಡಿದುಕೊಂಡಳು. "ಯವ್ವಾ, ನಾ ಮೂರ ಸಲ ಬಂದು ನೋಡಿ ಹೋದೆನಬೇ... ಕಣ್ಣು ಮುಚ್ಚಿ ಕುಂತಾಳ ಅಂತ... ಮಾತಾಡಸಬ್ಯಾಡ ಅಂದಿದ್ಲಲ್ಲ..."

ಏಳಕ್ಕೇ ಹೋದಳೋ, ಏಳೂವರೆಗೋ, ಎಂಟಕ್ಕೋ, ಯಾರಿಗೂ ಗೊತ್ತಾಗಲಿಲ್ಲ. ಮುಂದೆಯೂ ಗೊತ್ತಾಗುವಂತಿರಲಿಲ್ಲ. ನೀರಿನ ಒಂದೊಂದು ಹನಿಯ ಲೆಕ್ಕ ಇಡುವ ಯಂತ್ರಗಳಿಗೂ ಅದು ಗೊತ್ತಿರಲಿಲ್ಲ. ಇಂದುಮತಿಯ ಬ್ಯಾಗಿನಲ್ಲಿ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಯಾರೋ ಎತ್ತಿ ಅವಳ ಕಿವಿಗೆ ಹಿಡಿದರು.

"ಮೇಡಂ, ಲೈನು ನೀಲಿ ಆತ್ರಿ!" ಇರ್ಫಾನನ ದನಿ ಕುಣಿಯುತ್ತಿತ್ತು. "ಇವತ್ತಿಗೆ ಸಾಕು. ದೊಡ್ಡವ್ವಾರಿಗೆ ನಳ ಬಂದ್ ಮಾಡಾಕ ಹೇಳ್ರಿ."

ಇಂದುಮತಿ ಎದ್ದು ನಳ ತಿರುವಿದಳು. ಸದ್ದು ನಿಂತಿತು. ಬಂದವರೆಲ್ಲ ಬಾಯಿಗೆ ಸೆರಗು ಹಚ್ಚಿ ನಿಂತಿದ್ದರು. ಅವಳು ತಿರುಗಿ ಬಂದು ಕಟ್ಟೆಯ ಕೆಳಗೆ ಹಸಿ ನೆಲದ ಮೇಲೆಯೇ ಕೂತು, ಆ ಮಡಿಲಲ್ಲಿ ತಲೆಯಿಟ್ಟಳು.

"ನಿಲ್ಲಸೇನಿ ದೊಡ್ಡವ್ವಾ. ಇನ್ನ ಹನಿ ಸೈತ ಹೋಗೂದಿಲ್ಲ. ಕಣ್ಣ ತಗೀ."